ಸೂನ್ ಎಂದರೆ ಎಷ್ಟು ದಿನ

ಆಗ ನಾನು ಮೊಳಕಾಲ್ಮೂರಿನ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು. ಪಕ್ಕದ ಮನೆಯ ನೇಕಾರ ಮೊದಲ ಮಹಾಯುದ್ಧಕ್ಕೆ ಹೋಗಿದ್ದ. ಬಂದೂಕು ಹಿಡಿಯಲಿಕ್ಕಲ್ಲ, ದಂಡಿನ ಹೇಸರಗತ್ತೆಗಳನ್ನು ನೋಡಿಕೊಳ್ಳಲಿಕ್ಕೆ. ಹೊರದೇಶದಿಂದ ರೇಷ್ಮೆಗೆ ಹಾಕುವ ಬಣ್ಣ ಬರುವುದು ನಿಂತು ಅವನ ಮಗ್ಗ ಖಾಲಿ ಬಿದ್ದಿತ್ತು.

ದಂಡು ಬೀಡುಬಿಟ್ಟಿದ್ದ ಬಸ್ರಾದಿಂದ ಕಾಗದ ಬಂದಾಗ ಅವನ ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಬಳಿ ತಂದಳು. ಅಲ್ಲಿ ಕನ್ನಡವೋ ತೆಲುಗೋ ಬರೆಯುವವರು ಸಿಗದೆ ಯಾರೋ ಗುಮಾಸ್ತನಿಂದ ಇಂಗ್ಲಿಷಿನಲ್ಲಿ ಬರೆಸಿದ್ದ. ನಾಲ್ಕೇ ಸಾಲು. ಕೊನೆಗೆ, ಸೂನ್ ಬರುತ್ತೇನೆ ಎಂದಿತ್ತು.

"ಬೇಗ ಬರ್ತಾನಂತೆ ಕಣಮ್ಮ" ಎಂದೆ.

ಆ ವಾರವೇ ಅವಳು ಮನೆಗೆ ಸುಣ್ಣ ಬಳಿದಳು, ಮಗ್ಗದ ಧೂಳು ಒರೆಸಿದಳು. ಮೂರು ತಿಂಗಳಾಯಿತು, ಆರಾಯಿತು. ಒಂದು ಬೆಳಿಗ್ಗೆ ಅದೇ ಕಾಗದ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಳು.

"ಇನ್ನೊಂದ್ಸಲ ಓದ್ರಿ ಮೇಷ್ಟ್ರೇ. ಬೇಗ ಅಂತ್ಲೇ ಐತಾ?"

"ಹಂಗೇ ಐತಮ್ಮ."

"ಬೇಗ ಅಂದ್ರೆ ಅವರ ಭಾಷೇಲಿ ಎಷ್ಟು ದಿನ?"

ನನಗೆ ಗೊತ್ತಿರಲಿಲ್ಲ. ಆಸೆ ಹುಟ್ಟಿಸಿದವನು ನಾನೇ ಎಂದು ಮನಸ್ಸು ಚುಚ್ಚುತ್ತಿತ್ತು. ರಜೆಯಲ್ಲಿ ಚಳ್ಳಕೆರೆಗೆ ಬಂಡಿಯಲ್ಲಿ ಹೋಗಿ, ನನಗೆ ಇಂಗ್ಲಿಷ್ ಕಲಿಸಿದ ಮುದುಕ ಮೇಷ್ಟ್ರನ್ನು ಕೇಳಿದೆ. ಅವರು ದಪ್ಪ ನಿಘಂಟು ತೆಗೆದು ತೋರಿಸಿದರು. ಬಹಳ ಹಿಂದೆ ಸೂನ್ ಎಂಬ ಮಾತು ಸೋನ ಎಂದಿತ್ತಂತೆ. ಅರ್ಥ, ಈಗಲೇ, ಈ ಗಳಿಗೆಯಲ್ಲೇ.

"ಜನ ಈಗ್ಲೇ ಅಂತಾರೆ, ತಡ ಮಾಡ್ತಾರೆ. ಹಂಗೇ ಅಂದೂ ಅಂದೂ ಮಾತು ಸಡಿಲಾಯ್ತು ಕಣಪ್ಪ. ಈಗ ಇನ್ನು ಸ್ವಲ್ಪ ದಿನಕ್ಕೆ ಅಂತ, ಅಷ್ಟೆ" ಎಂದರು.

ಊರಿಗೆ ಮರಳಿ ಅವಳಿಗೆ ಇದನ್ನೇ ಹೇಳಿದೆ. ಕೂಲಿಗೆ ರೇಷ್ಮೆ ನೂಲು ಸುತ್ತುತ್ತಿದ್ದ ಕೈ ನಿಂತಿತು.

"ಹಂಗಾದ್ರೆ ನಂದೊಂದು ಕಾಗದ ಬರೀರಿ. ಸೂನ್ ಬಾ ಅಂತ. ಹಳೇ ಅರ್ಥದ್ದು."

ಬರೆದೆ. ಹಳೆಯ ಅರ್ಥವನ್ನು ಕಾಗದದ ಮೇಲೆ ಕಾಣಿಸುವುದು ಹೇಗೆಂದು ತಿಳಿಯದೆ ಆ ಮಾತಿನ ಕೆಳಗೆ ಎರಡು ಗೆರೆ ಎಳೆದೆ.

ಉತ್ತರ ಬರಲಿಲ್ಲ. ಮರುವರ್ಷ ಸಜ್ಜೆ ಕೊಯ್ಲಿನ ಹೊತ್ತಿಗೆ ಅವನೇ ರಾಂಪುರದ ಕಡೆಯಿಂದ ನಡೆದು ಬಂದ. ಜ್ವರದಿಂದ ಮೈ ಒಣಗಿತ್ತು. ನಾವು ಬರೆದ ಕಾಗದ ಅವನ ಕೈ ಸೇರಿರಲೇ ಇಲ್ಲ. ಅವಳು ಚೊಂಬಿನಲ್ಲಿ ನೀರು ತಂದುಕೊಟ್ಟು, "ಊಟಕ್ಕೇಳು" ಎಂದಷ್ಟೇ ಹೇಳಿದಳು.

ಬಣ್ಣ ಬರುವುದು ಶುರುವಾದ ಮೇಲೆ ಅದೇ ಮಗ್ಗದಲ್ಲಿ ಅವನು ಮತ್ತೆ ನೇಯತೊಡಗಿದ. ಆದರೆ ಬೇಗ ಬರ್ತೀನಿ ಎಂದು ಅವನು ಸೀರೆ ಮಾರಲು ಹೊರಟ ದಿನಗಳಲ್ಲಿ ಅವಳಿಗೆ ಕೆಲಸ ಸಾಗುತ್ತಿರಲಿಲ್ಲ. ದಾರಿಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂತಿರುತ್ತಿದ್ದಳು.