ಪುಟ್ಟತಾಯಮ್ಮನಿಗೆ ಕೇಳಿಸಿದ್ದು

ಕಣ್ಣಾರೆ ಕಾಣದ ಯಾವುದನ್ನೂ ನಾನು ಸುಲಭಕ್ಕೆ ನಂಬಿದವಳಲ್ಲ. ನನ್ನ ಕೆಲಸವೂ ಅಂಥದ್ದೇ ಆಗಿತ್ತು. ವೃದ್ಧಾಶ್ರಮಗಳಿಗೆ ಹೋಗಿ, ಅಲ್ಲಿರುವ ಹಿರಿಯರ ಜೊತೆ ಕೂತು, ಅವರ ಕಷ್ಟ ಕೇಳಿಕೊಂಡು, ಅವರ ಪರವಾಗಿ ಆಶ್ರಮದವರ ಹತ್ತಿರವೂ ಅಧಿಕಾರಿಗಳ ಹತ್ತಿರವೂ ವಾದ ಮಾಡುವುದು. ಸಾರು ಹಳಸಿತ್ತು ಎಂದು ಯಾರಾದರೂ ಹೇಳಿದರೆ ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ಮೂಸುತ್ತಿದ್ದೆ. ಶಕುನ, ಕನಸಿನಲ್ಲಿ ಕಂಡದ್ದು, ಮನಸ್ಸಿಗೆ ಹೊಳೆದದ್ದು ಇಂಥ ಮಾತು ಬಂದರೆ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ಯೋಚಿಸಿ.

ರಾಮನಗರ ಬೇರೆ ಜಿಲ್ಲೆಯಾದ ಹೊಸತು. ಹಾರೋಹಳ್ಳಿಯ ಹೊರಗೆ ಒಂದು ಬಾಡಿಗೆ ಕಟ್ಟಡದಲ್ಲಿ ಚಿಕ್ಕ ಆಶ್ರಮವಿತ್ತು. ಸುತ್ತಲೂ ಕಾರ್ಖಾನೆಗಳ ಶೆಡ್ಡುಗಳು ಏಳುತ್ತಿದ್ದವು. ಲಾರಿ ಹೋದಾಗಲೆಲ್ಲ ಕಿಟಕಿ ಗಡಗಡ ಎನ್ನುತ್ತಿತ್ತು, ಒಣಗಲು ಹಾಕಿದ ಸೀರೆಗಳ ಮೇಲೆ ಕೆಂಪು ದೂಳು ಕೂರುತ್ತಿತ್ತು. ಅಲ್ಲಿ ಅಕ್ಕಪಕ್ಕದ ಮಂಚಗಳಲ್ಲಿ ಇದ್ದವರು ಪುಟ್ಟತಾಯಮ್ಮ ಮತ್ತು ಸರೋಜಮ್ಮ.

ಪುಟ್ಟತಾಯಮ್ಮ ತಿಪ್ಪಸಂದ್ರದ ಕಡೆಯವರು. ಗಂಡನ ಜೊತೆ ಹೊಲದಲ್ಲಿ ದುಡಿದೇ ವಯಸ್ಸು ಕಳೆದವರು, ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಎರಡು ಕಣ್ಣೂ ಪೂರ್ತಿ ಹೋಗಿದ್ದವು. ಸರೋಜಮ್ಮ ಚನ್ನಪಟ್ಟಣದಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು, ಮದುವೆಯಾಗಿರಲಿಲ್ಲ. ಲಕ್ವ ಹೊಡೆದು ಎದ್ದು ಓಡಾಡುವುದೂ ನಿಂತಿತ್ತು, ಮಾತೂ ನಿಂತಿತ್ತು. ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಬಾಯಿಲ್ಲ. ಆದರೂ ಸರೋಜಮ್ಮನಿಗೆ ಏನು ಬೇಕು ಎಂದು ಪುಟ್ಟತಾಯಮ್ಮ ತಮ್ಮ ಮಂಚದಿಂದಲೇ ಕೂಗಿ ಹೇಳುತ್ತಿದ್ದರು. "ಮೇಷ್ಟ್ರಮ್ಮಂಗೆ ಬೆನ್ನು ನೋಯ್ತಾ ಐತೆ, ಒಸಿ ಮಗ್ಗುಲು ತಿರುಗಿಸ್ರವ್ವಾ." "ಸೊಳ್ಳೆ ಕಚ್ತಾ ಅವೆ, ಹೊದಿಕೆ ಎಳೀರಿ." ನೋಡಿಕೊಳ್ಳುವ ಹೆಂಗಸರು ಹೋಗಿ ನೋಡಿದರೆ ಪುಟ್ಟತಾಯಮ್ಮ ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಆ ಹೆಂಗಸರಿಗೆ ಅದು ಅಭ್ಯಾಸವಾಗಿಹೋಗಿತ್ತು.

ನಾನೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಣ್ಣಿಲ್ಲದವರ ಕಿವಿ ಚುರುಕು. ಮಂಚ ಕಿರುಗುಟ್ಟುವುದು, ಉಸಿರಿನ ಏರಿಳಿತ, ಗಂಟಲಿನ ಸದ್ದು, ಇಷ್ಟರಲ್ಲೇ ತಿಳಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಒಮ್ಮೆ ಕೇಳಿಯೂ ಕೇಳಿದೆ. "ಹೆಂಗಜ್ಜಿ ಗೊತ್ತಾಗತ್ತೆ ನಿಮಗೆ?"

"ಅವ್ರೇ ಹೇಳ್ತಾರಲ್ಲವ್ವ," ಎಂದರು, ನಾನು ಏನೋ ದಡ್ಡ ಪ್ರಶ್ನೆ ಕೇಳಿದ ಹಾಗೆ.

ಆ ಕಟ್ಟಡದ ಮಾಲೀಕ ಅದನ್ನು ಕಾರ್ಖಾನೆಯ ಕೆಲಸಗಾರರಿಗೆ ರೂಮು ಮಾಡಲು ಬಿಡಿಸಿಕೊಂಡ. ಆಶ್ರಮ ಮುಚ್ಚಿತು. ಇದ್ದವರನ್ನು ಬೇರೆ ಬೇರೆ ಕಡೆಗೆ ಹಂಚಿದರು. ಹಾಸಿಗೆ ಹಿಡಿದವರಿಗೆ ಕನಕಪುರ, ಓಡಾಡುವ ಶಕ್ತಿ ಇರುವವರಿಗೆ ಮಾಗಡಿ. ಇವರಿಬ್ಬರನ್ನು ಅಗಲಿಸಬೇಡಿ ಎಂದು ನಾನು ಎಷ್ಟು ಹೇಳಿದರೂ ನಡೆಯಲಿಲ್ಲ. "ಅವರೇನು ಅಕ್ಕ ತಂಗೀರಾ ಮೇಡಂ?" ಎಂದು ಅಧಿಕಾರಿ ಕೇಳಿದರು. ವ್ಯಾನು ಬಂದ ದಿನ ಪುಟ್ಟತಾಯಮ್ಮ ಸರೋಜಮ್ಮನ ಮುಖವನ್ನೆಲ್ಲ ಕೈಯಲ್ಲಿ ತಡವಿದರು. ಸರೋಜಮ್ಮನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಪುಟ್ಟತಾಯಮ್ಮ ಸೆರಗಿನ ತುದಿಯಿಂದ ಕಿವಿ ಒರೆಸಿದರು.

ಮಾಗಡಿಯ ಆಶ್ರಮ ಒಳ್ಳೆಯದೇ. ಅಂಗಳದಲ್ಲಿ ನಿಂತರೆ ಸಾವನದುರ್ಗದ ಬಂಡೆ ಕಾಣುತ್ತಿತ್ತು. ಪುಟ್ಟತಾಯಮ್ಮ ಅಲ್ಲಿಗೆ ಹೋದ ಮೇಲೆ ಮಾತು ಕಡಿಮೆ ಮಾಡಿದ್ದರು, ಸರೋಜಮ್ಮನ ಹೆಸರನ್ನಂತೂ ಎತ್ತಿಯೇ ಇರಲಿಲ್ಲ ಎಂದು ಅಲ್ಲಿನ ಮೇಲ್ವಿಚಾರಕಿ ನನಗೆ ಹೇಳಿದ್ದರು. ಒಂದು ಭಾನುವಾರ ಮಧ್ಯಾಹ್ನ ನಾನು ಅವರನ್ನು ನೋಡಲು ಹೋದೆ. ಊಟ ಮುಗಿದಿತ್ತು. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಮೇಷ್ಟ್ರಮ್ಮಂಗೆ ನೀರು ಕೊಡ್ರವ್ವಾ," ಎಂದರು.

ಹಳೆಯ ಅಭ್ಯಾಸ, ಪಾಪ, ಎಂದುಕೊಂಡೆ. "ಅವರು ಇಲ್ಲಿಲ್ಲ ಅಜ್ಜಿ, ಕನಕಪುರದಲ್ಲಿದ್ದಾರೆ," ಎಂದೆ.

"ಗೊತ್ತು ಕಣವ್ವ. ಅಲ್ಲೇ. ಗಂಟ್ಲು ಒಣಗೋಗೈತೆ. ಬಾಗ್ಲು ಹಾಕ್ಬುಟ್ಟವ್ರೆ. ಕತ್ಲೆ." ಮೂಗು ಅರಳಿಸಿ ಗಾಳಿ ಎಳೆದುಕೊಂಡರು. "ಸೀಮೆಣ್ಣೆ ವಾಸ್ನೆ."

ಕತ್ತಲೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಕೇಳಿ ನನಗೆ ಹೇಗೋ ಆಯಿತು. ಅವರನ್ನು ಸಮಾಧಾನ ಮಾಡಲೆಂದೇ ಕನಕಪುರಕ್ಕೆ ಫೋನ್ ಮಾಡಿದೆ. ಆ ಕಡೆ ಮೈಕಿನಲ್ಲಿ ಹಾಡು, ಗಲಾಟೆ. ಯಾರೋ ದಾನಿಗಳ ಮಗಳ ಹುಟ್ಟುಹಬ್ಬವಂತೆ. "ಎಲ್ರೂ ಆರಾಮಾಗವ್ರೆ ಮೇಡಂ, ಹೋಳಿಗೆ ಊಟ," ಎಂದು ಇಟ್ಟುಬಿಟ್ಟರು. ಅದನ್ನೇ ಪುಟ್ಟತಾಯಮ್ಮನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ತಡವರಿಸಿ ನನ್ನ ಕೈ ಹಿಡಿದುಕೊಂಡರು.

"ನಿನ್ನ ದಮ್ಮಯ್ಯ. ಒಸಿ ಹೋಗಿ ನೋಡವ್ವ. ಕೂಗಾಕೆ ಅವ್ರಿಗೆ ಬಾಯಿಲ್ಲ."

ನಾನು ಯಾಕೆ ಎದ್ದೆನೋ ತಿಳಿಯದು. ನಂಬಿಕೆಯಿಂದಲ್ಲ. ಇಷ್ಟು ಕೇಳಿಕೊಂಡವರಿಗೆ ಇಲ್ಲ ಎನ್ನಲಾಗಲಿಲ್ಲ, ಅಷ್ಟೆ. ಮಾಗಡಿಯಿಂದ ರಾಮನಗರಕ್ಕೆ ಒಂದು ಬಸ್ಸು, ಅಲ್ಲಿಂದ ಕನಕಪುರಕ್ಕೆ ಇನ್ನೊಂದು. ನಾನು ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ದಾನಿಗಳು ಹೊರಟುಹೋಗಿದ್ದರು. ಹಜಾರದ ತುಂಬ ಬಲೂನು ತೂಗಾಡುತ್ತಿದ್ದವು. ಸರೋಜಮ್ಮನ ಮಂಚ ಅಲ್ಲಿರಲಿಲ್ಲ.

ಎಲ್ಲಿ ಎಂದು ಕೇಳಿದೆ. ನೋಡಿಕೊಳ್ಳುವ ಹೆಂಗಸು ಹಣೆ ಹಣೆ ಬಡಿದುಕೊಂಡು ಹಿತ್ತಲ ಕಡೆ ಓಡಿದಳು. "ಅಯ್ಯೋ, ಮರ್ತೇ ಹೋಯ್ತು ಮೇಡಂ! ನೆಂಟ್ರು ಬತ್ತಾರೆ ಅಂತ ಒಳಗಡೀಕೆ ಇಟ್ಟಿದ್ದೋ."

ಅದು ಉಗ್ರಾಣ. ಚಿಲಕ ತೆಗೆದ ಕೂಡಲೇ ಸೀಮೆಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಕತ್ತಲು. ಅಕ್ಕಿ ಮೂಟೆಗಳ ನಡುವೆ ಮಂಚವಿತ್ತು. ಬಂದವರಿಗೆ ಅಸಹ್ಯವಾಗದಿರಲಿ ಎಂದು ಬೆಳಿಗ್ಗೆಯೇ ಅವರನ್ನು ಅಲ್ಲಿ ತಳ್ಳಿ ಬಾಗಿಲು ಹಾಕಿದ್ದರು. ಸರೋಜಮ್ಮನ ತುಟಿ ಬಿರಿದು ರಕ್ತ ಕಟ್ಟಿತ್ತು. ಹಾಸಿಗೆ ಪೂರ್ತಿ ಒದ್ದೆ. ನಾನು ಚಮಚದಲ್ಲಿ ನೀರು ಹಾಕುತ್ತ ಹೋದೆ. ಒಂದೆರಡು ಗುಟುಕು ಇಳಿದ ಮೇಲೆ ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆಮೇಲೆ ಕಷ್ಟಪಟ್ಟು ಕತ್ತು ಹೊರಳಿಸಿ, ಹಾರೋಹಳ್ಳಿಯಲ್ಲಿ ಪುಟ್ಟತಾಯಮ್ಮನ ಮಂಚ ಇರುತ್ತಿದ್ದ ಪಕ್ಕಕ್ಕೆ ನೋಡಿದರು. ಅಲ್ಲಿ ಮೂಟೆಗಳಿದ್ದವು.

ಆ ಸಲ ನಾನು ಯಾರ ಮಾತನ್ನೂ ಕೇಳಲಿಲ್ಲ. ದೂರು ಕೊಟ್ಟೆ, ಕಚೇರಿಯಲ್ಲಿ ಕೂತು ಜಗಳವಾಡಿದೆ. ಸರೋಜಮ್ಮನನ್ನು ಮಾಗಡಿಗೆ ಕಳಿಸಲು ಕೊನೆಗೂ ಒಪ್ಪಿಗೆ ಸಿಕ್ಕಿತು. ಪುಟ್ಟತಾಯಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಅತ್ತದ್ದು ಕೇಳಿಸಿತು. ವ್ಯಾನು ಗೊತ್ತುಮಾಡಿದ್ದೆ. ಹೊರಡಬೇಕಾದ ದಿನ ಬೆಳಗಿನ ಜಾವ ಸರೋಜಮ್ಮ ನಿದ್ದೆಯಲ್ಲೇ ತೀರಿಕೊಂಡರು.

ವಿಷಯ ಫೋನಿನಲ್ಲಿ ಹೇಳಬೇಡಿ, ನಾನೇ ಬಂದು ಹೇಳುತ್ತೇನೆ ಎಂದು ಮಾಗಡಿಯವರಿಗೆ ತಿಳಿಸಿದೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡುತ್ತಿದ್ದೆ. ಯಾವುದನ್ನು ನಂಬುವುದಿಲ್ಲ ಎನ್ನುತ್ತಿದ್ದೆನೋ ಅದನ್ನೇ ಆ ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅಜ್ಜಿಗೆ ಆಗಲೇ ಗೊತ್ತಾಗಿರುತ್ತದೆ, ನಾನು ಬಾಯಿ ಬಿಟ್ಟು ಹೇಳಬೇಕಾಗುವುದಿಲ್ಲ ಎಂದುಕೊಳ್ಳುತ್ತಿದ್ದೆ.

ನಾನು ಒಳಗೆ ಹೋದಾಗ ಪುಟ್ಟತಾಯಮ್ಮ ಪಕ್ಕದ ಖಾಲಿ ಮಂಚದ ಮೇಲೆ ಒಗೆದ ಹಾಸು ಹಾಸಿ, ಸುಕ್ಕು ಇಲ್ಲದ ಹಾಗೆ ಅಂಗೈಯಲ್ಲಿ ನೀವುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ನನ್ನ ಹೆಜ್ಜೆ ಗುರುತಿಸಿ ಮುಖ ಅರಳಿಸಿದರು.

"ಮೇಷ್ಟ್ರಮ್ಮ ಬಂದ್ರಾ? ನಿಧಾನಕ್ಕೆ ಇಳಿಸ್ಕಳಿ ಅಂತ ಹೇಳವ್ವ. ಎಡಗೈ ಎಳೀಬಾರ್ದು, ನೋವು ಅವ್ರಿಗೆ."

ಆ ಹಾಸಿನ ಮೇಲೆ ಕೂರಲು ಮನಸ್ಸಾಗದೆ ನೆಲದ ಮೇಲೆ ಕೂತು ಅವರ ಕಾಲು ಹಿಡಿದುಕೊಂಡು ಹೇಳಿದೆ. ಅವರು ಕತ್ತು ಒಂದು ಕಡೆ ವಾಲಿಸಿ, ಏನನ್ನೋ ಆಲಿಸುವವರ ಹಾಗೆ ಕೂತರು. ಏನೂ ಕೇಳಿಸಲಿಲ್ಲವೆಂದು ತೋರುತ್ತದೆ.

"ನಂಗೆ ಹೇಳ್ನೇ ಇಲ್ವಲ್ಲ ಕಣವ್ವ," ಎಂದರು. "ಬೆನ್ನು ನೋವು ಅಂದ್ರೆ ಹೇಳೋಳು, ಸೊಳ್ಳೆ ಕಚ್ಚುದ್ರೆ ಹೇಳೋಳು. ಇದ ಹೇಳ್ದೇನೆ ಹೋಗ್ಬುಟ್ಲಲ್ಲ."

ಅಷ್ಟು ವರ್ಷದಲ್ಲಿ ಸರೋಜಮ್ಮನನ್ನು ಅವರು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಭಾನುವಾರದ್ದು ಕಾಕತಾಳೀಯ ಎಂದುಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಸೀಮೆಣ್ಣೆಯ ವಾಸನೆ ಅದಕ್ಕೆ ಬಿಡುವುದಿಲ್ಲ. ಕಾಕತಾಳೀಯ ಅಲ್ಲವೆಂದರೆ, ಆ ಬೆಳಗಿನ ಜಾವ ಪುಟ್ಟತಾಯಮ್ಮ ಏನೂ ಅರಿಯದೆ ಎದ್ದು ಹಾಸು ಕೊಡವಿದ್ದು ಹೇಗೆ? ತಿಳಿಯದು. ಅವರು ಅನಂತರವೂ ಕೆಲವು ಕಾಲ ಇದ್ದರು. ನಾನು ಹೋದಾಗಲೆಲ್ಲ ನನ್ನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಮೆಲ್ಲಗೆ ಒಂದೇ ಮಾತು ಕೇಳುತ್ತಿದ್ದರು: "ಹೇಳ್ದೇ ಹೋಗೋ ಅಂಥದ್ದು ನಾನೇನ್ ಮಾಡಿದ್ದೆ ಮಗ?"

ಬೇರೆಯವರ ಪರವಾಗಿ ಮಾತಾಡುವುದೇ ನನ್ನ ಕೆಲಸ. ಸರೋಜಮ್ಮನ ಪರವಾಗಿ ಅದಕ್ಕೊಂದು ಉತ್ತರ ಕೊಡಲು ನನ್ನಿಂದ ಆಗಲಿಲ್ಲ.