ಸಿವ್ಕಾಳ ಮನೆಯಿಂದ ಹೊರಟ ನಾಲ್ಕುನೂರ ಹನ್ನೆರಡು ಕರೆಯೋಲೆ

ದಾನ್ಯೂಬ್ ನದಿ ಸೀಮೆಯ ನೆಗೊತಿನ್ ಪೇಟೆಯಲ್ಲಿ ಮನೆಮನೆಯ ನೀರಿನ ಮೀಟರು ಓದುವ ಜಿವಾದಿನ್‌ಗೆ ಈಗ ಐವತ್ತೆಂಟು. ಕೈಗೆ ಸಿಕ್ಕ ಯಾವ ವಸ್ತುವನ್ನೂ ಅದರ ಪಾಡಿಗೆ ಬಿಟ್ಟ ಜೀವವಲ್ಲ ಅದು. ಹುಟ್ಟಿದ ಮೂರನೇ ದಿನವೇ ತೊಟ್ಟಿಲಿನ ಮೊಳೆಯೊಂದನ್ನು ಕಿತ್ತು, ಇನ್ನೂ ಚೆನ್ನಾಗಿ ತೂಗಲಿ ಎಂದು ಬೇರೆ ಕಡೆ ಹೊಡೆದನಂತೆ. ಅವನ ತಾಯಿ ಇದನ್ನು ಪ್ರಮಾಣ ಮಾಡಿ ಹೇಳುತ್ತಿದ್ದಳು. ಆಮೇಲೆ ತೊಟ್ಟಿಲು ಕಳಚಿ ಬಿದ್ದದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ದೊಡ್ಡವನಾದ ಮೇಲೆ ಈ ಚಟ ಎರಡೇ ವಸ್ತುಗಳ ಮೇಲೆ ಬಂದು ನಿಂತಿತು. ಒಂದು ಅವನ ಕಾರು. ಇನ್ನೊಂದು, ಆ ಕಾರಿಗೆಂದೇ ಅವನು ಕಟ್ಟಿದ ಜಾಲತಾಣ.

ಕಾರಿನ ಹೆಸರು ಸಿವ್ಕಾ. ಬೂದು ಬಣ್ಣದ ಹೆಣ್ಣುಕುದುರೆಗೆ ನಮ್ಮ ಕಡೆ ಇಡುವ ಹೆಸರು. ವಯಸ್ಸು ನಲವತ್ತೆರಡು. ಎಷ್ಟು ಪುಟ್ಟದೆಂದರೆ, ಜಿವಾದಿನ್ ಅದರೊಳಗೆ ಕೂರುತ್ತಿರಲಿಲ್ಲ, ಅದನ್ನು ತೊಟ್ಟುಕೊಳ್ಳುತ್ತಿದ್ದ. ಅದಕ್ಕೆ ಅವನು ಬಸ್ಸಿನ ಸೀಟು ಹಾಕಿಸಿದ, ನಾಲ್ಕು ದೀಪ ಹಾಕಿಸಿದ. ಆ ದೀಪ ಹೊತ್ತಿಸಿದರೆ ಪಕ್ಕದ ಮನೆ ಬುದಿಮಿರನ ಕೋಳಿಗಳು ಬೆಳಗಾಯಿತೆಂದು ತಿಳಿದು ದಿನಕ್ಕೆ ಎರಡೆರಡು ಮೊಟ್ಟೆ ಇಡುತ್ತಿದ್ದವು. ದಾನ್ಯೂಬ್ ನದಿಯ ಹಡಗಿನಿಂದ ಕಿತ್ತು ತಂದ ಹಾರನ್ನು ಒಮ್ಮೆ ಒತ್ತಿದ್ದಕ್ಕೆ ಆಚೆ ದಡದ ರೊಮೇನಿಯಾದ ಮೀನುಗಾರರು ಬಲೆ ಎಳೆದುಕೊಂಡು ಮನೆಗೆ ಹೋದರು.

ಜಾಲತಾಣದ ಹೆಸರು ‘ಸಿವ್ಕಾಳ ಮನೆ’. 2001ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಒಂದು ಫೋಟೋ, ಬಂದವರನ್ನು ಎಣಿಸುವ ಒಂದು ಮೀಟರು ಮತ್ತು ಬಂದವರು ಹೆಸರು, ವಿಳಾಸ, ನಾಲ್ಕು ಮಾತು ಬರೆಯುವ ಅತಿಥಿ ಪುಸ್ತಕ. ಮೀಟರು ತೊಂಬತ್ತು ಸಾವಿರ ಮುಟ್ಟಿತ್ತು. ಅದರಲ್ಲಿ ಎಂಬತ್ತೊಂಬತ್ತು ಸಾವಿರ ಸಲ ಬಂದವನು ಜಿವಾದಿನನೇ. ಪ್ರತಿ ಚಳಿಗಾಲಕ್ಕೂ ಅದಕ್ಕೆ ಹೊಸ ಅಂಗಿ, ಅಂದರೆ ಹೊಸ ವಿನ್ಯಾಸ, ತೊಡಿಸುತ್ತಿದ್ದ. ಒಂದು ವರ್ಷ ಪುಟದ ಮೇಲೆ ಹಿಮ ಬೀಳುವಂತೆ ಮಾಡಿದ. ನಿಲ್ಲಿಸುವುದು ಹೇಗೆಂದು ತಿಳಿಯದೆ ಅದು ಜುಲೈವರೆಗೂ ಬಿತ್ತು.

ಅತಿಥಿ ಪುಸ್ತಕದ ಮೊದಲ ಸಾಲು ತಿಹೊಮಿರನದು: ‘ಕಾರು ಚೆನ್ನಾಗಿದೆ. ಆಯಿಲ್ ನೋಡಿಕೊ.’

ತಿಹೊಮಿರ್ ಜಿವಾದಿನನ ಕೂಮ್. ಮದುವೆಯಲ್ಲಿ ಮದುಮಗನ ಪಕ್ಕ ಸಾಕ್ಷಿಯಾಗಿ ನಿಂತು, ಅಲ್ಲಿಂದ ಮುಂದೆ ಒಡಹುಟ್ಟಿದವರಿಗಿಂತ ಒಂದು ಗೇಣು ಮೇಲಾಗುವವನು ಕೂಮ್. ನಮ್ಮಲ್ಲಿ ಅಣ್ಣತಮ್ಮಂದಿರು ಜಗಳವಾಡಿದರೆ ಊರು ನಿಂತು ನೋಡುತ್ತದೆ. ಕೂಮ್‌ಗಳು ಜಗಳವಾಡಿದರೆ ದನಿ ತಗ್ಗಿಸುತ್ತದೆ. ಹತ್ತು ಕಿಲೋಮೀಟರಾಚೆ ಪ್ರಾಹೊವೊದಲ್ಲಿ ಅವನ ಗ್ಯಾರೇಜು. ಇಂಜಿನ್ನಿನ ಮೇಲೆ ಮರದ ಸೌಟಿನ ಬಾಯಿಯಿಟ್ಟು, ಹಿಡಿಯ ತುದಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದನೆಂದರೆ, ಯಾವ ಸ್ಕ್ರೂ ಎಷ್ಟು ಸಡಿಲ ಎಂಬುದಷ್ಟೇ ಅಲ್ಲ, ಕಾರಿನವನು ಬೆಳಿಗ್ಗೆ ಹೆಂಡತಿಯ ಹತ್ತಿರ ಬೈಸಿಕೊಂಡು ಬಂದಿದ್ದಾನೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದ. ಪೆಟ್ರೋಲಿಗೆ ಗಾಳಿ ಬೆರೆಸುವ ಸಿವ್ಕಾಳ ಕಾರ್ಬ್ಯುರೇಟರನ್ನು ಇಪ್ಪತ್ತು ವರ್ಷ ಸಾಕಿದ್ದು ಆ ಸೌಟು.

ನಾಲ್ಕು ವರ್ಷದ ಹಿಂದೆ ಜಿವಾದಿನ್ ಆ ಕಾರ್ಬ್ಯುರೇಟರ್ ಕಿತ್ತು, ಅದೇ ಕೆಲಸಕ್ಕೆ ಗುಜರಿ ಕಾರೊಂದರ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೂರಿಸಿದ. ಅಷ್ಟಕ್ಕೇ ನಿಂತಿದ್ದರೆ ತಿಹೊಮಿರ್ ಹದಿನೈದು ದಿನ ಗೊಣಗಿ ಸುಮ್ಮನಾಗುತ್ತಿದ್ದ. ಆದರೆ ಕಿತ್ತದ್ದರ ಫೋಟೋ ಜಾಲತಾಣದಲ್ಲಿ ಹಾಕಿ, ಕೆಳಗೆ ಬರೆದ: ‘ಯಾರ ಕೈಗೂ ಸರಿಹೋಗದ ಮುದಿ ಯಂತ್ರ.’ ತಿಹೊಮಿರ್ ಅದನ್ನು ಓದಿದ. ಆ ಡಿಸೆಂಬರಿನಲ್ಲಿ ಜಿವಾದಿನನ ಸ್ಲಾವಾಕ್ಕೆ ಬರಲಿಲ್ಲ.

ಸ್ಲಾವಾ ಎಂದರೆ ನಮ್ಮ ಮನೆದೇವರ ಹಬ್ಬ. ಜಿವಾದಿನನ ಮನೆಗೆ ಸಂತ ನಿಕೊಲಾ, ಡಿಸೆಂಬರ್ ಹತ್ತೊಂಬತ್ತು. ಆ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಾಗಿಲು ತೆರೆದಿರುತ್ತದೆ, ಬರಬೇಕಾದವರು ಬರುತ್ತಾರೆ. ಕರೆದರೆ ಅದು ಅವಮಾನ. ‘ಕರೆಯದಿದ್ದರೆ ನೀನು ಬರುವವನಲ್ಲ’ ಎಂದು ಮುಖದ ಮೇಲೆ ಹೇಳಿದ ಹಾಗೆ. ಹಾಗಾಗಿ ಜಿವಾದಿನನ ಹೆಂಡತಿ ರೊಸಾಂದ ನಾಲ್ಕು ಹಬ್ಬದಲ್ಲೂ ಮೇಜಿನ ತಲೆಯ ಬಲಗಡೆ ಕೂಮ್‌ನ ತಟ್ಟೆ ಇಟ್ಟಳು, ಸಂಜೆಗೆ ಅದನ್ನು ಒರೆಸದೆ ಹಾಗೆಯೇ ಎತ್ತಿಟ್ಟಳು. ಎತ್ತುವಾಗ ಗಂಡನ ಮುಖ ನೋಡುತ್ತಿದ್ದಳು. ತಟ್ಟೆ ಒಡೆದಿದ್ದರೆ ಆ ಸದ್ದನ್ನಾದರೂ ತಡೆದುಕೊಳ್ಳಬಹುದಿತ್ತು, ಆ ನೋಟ ತಡೆಯುವಂತಿರಲಿಲ್ಲ.

“ಹಬ್ಬಕ್ಕೆ ಕರೆಯೋ ಹಾಗಿಲ್ಲ, ಸರಿ. ಬೇರೆ ದಿನ ಹೋಗಿ ತಪ್ಪಾಯ್ತು ಅನ್ನೋಕೇನು ನಿಂಗೆ?” ಎನ್ನುತ್ತಿದ್ದಳು.

“ಹೊರಟಿದ್ನಲ್ಲ. ಆರು ಸಲ.”

ಹೊರಟದ್ದು ನಿಜ. ಆರು ಸಲವೂ ಸಿವ್ಕಾ ಪ್ರಾಹೊವೊ ರಸ್ತೆಯ ಏಳನೇ ಕಿಲೋಮೀಟರಿನಲ್ಲಿ, ಒಂದೇ ವಾಲ್‌ನಟ್ ಮರದ ಕೆಳಗೆ, ಕೆಮ್ಮಿ ನಿಂತಳು. ಆ ಮರಕ್ಕೆ ಇವನ ಗುರುತು ಹತ್ತಿ, ದೂರದಿಂದ ಕಂಡರೆ ಕೊಂಬೆ ಬಗ್ಗಿಸಿ ನೆರಳು ಮಾಡುತ್ತಿತ್ತು.

“ಬಸ್ಸಿದೆ.”

“ಬಸ್ಸಲ್ಲಿ ಹೋಗಿ ಇಳಿದ್ರೆ ಅವನು ಮೊದಲು ಕೇಳೋದೇ ಕಾರೆಲ್ಲಿ ಅಂತ, ರೊಸಾಂದ.”



ಐದನೇ ವರ್ಷದ ಡಿಸೆಂಬರಿಗೆ ಜಿವಾದಿನ್ ಎಂದಿನಂತೆ ಜಾಲತಾಣಕ್ಕೆ ಹೊಸ ಅಂಗಿ ಹೊಲಿಯಲು ಕೂತ. ಈ ಸಲದ್ದು ಎಲ್ಲಿಂದಲೋ ಪುಕ್ಕಟೆ ಸಿಕ್ಕ ಅಂಗಿ, ಒಳಗೊಂದು ಕ್ಯಾಲೆಂಡರೂ ಇತ್ತು. ಸಿವ್ಕಾಳ ಆಯಿಲ್ ಬದಲಿಸುವ ದಿನಗಳನ್ನೆಲ್ಲ ತುಂಬಿದ. ಹತ್ತೊಂಬತ್ತರ ಮನೆ ಖಾಲಿ ಬಿಡಲು ಮನಸ್ಸಾಗದೆ ‘ಸ್ಲಾವಾ, ನಮ್ಮ ಮನೆ’ ಎಂದು ಬರೆದ. ಕೆಳಗೆ ಹದಿನಾಲ್ಕು ಪುಟ್ಟ ಚೌಕಗಳಿದ್ದವು, ಬೇಕಾದ್ದಕ್ಕೆ ಗುರುತು ಹಾಕಿಕೊಳ್ಳಲು. ಮದುವೆ ಊಟದಲ್ಲಿ ಬಡಿಸಿದ್ದನ್ನೆಲ್ಲ ಹಾಕಿಸಿಕೊಳ್ಳುವ ಜಾತಿ ಅವನದು. ಓದುವ ಗೋಜಿಗೆ ಹೋಗದೆ ಹದಿನಾಲ್ಕಕ್ಕೂ ಗುರುತು ಹಾಕಿ ಒತ್ತಿದ.

ಅರ್ಧ ಗಂಟೆಯಲ್ಲಿ ಪಕ್ಕದ ಮನೆಯ ಬುದಿಮಿರ್ ಬಂದ. ಮೂವತ್ತೊಂದು ವರ್ಷದಿಂದ ಬೇಲಿ ದಾಟಿಯೇ ಬರುತ್ತಿದ್ದವನು ಅವತ್ತು ಸುತ್ತಿ ಬಂದು ಬೀದಿ ಬಾಗಿಲು ತಟ್ಟಿದ. ಕೈಯಲ್ಲಿ ಫೋನು.

“ಓದ್ಲಾ?” ಎಂದ. “‘ಪ್ರಿಯ ಅತಿಥಿ ಸಂಖ್ಯೆ ಏಳು, ತಮ್ಮನ್ನು ಈ ಕಾರ್ಯಕ್ರಮಕ್ಕೆ ಆಹ್ವಾನಿಸಲಾಗಿದೆ. ಸ್ಲಾವಾ. ಬರುವಿರಾ? ಹೌದು. ಇಲ್ಲ. ಬಹುಶಃ.’ ಮೂವತ್ತೊಂದು ವರ್ಷ ನಾನು ಕರೀದೆ ಬಂದು ತಿಂತಿದ್ದೆ ಅಂತ ಈಗ ಗೊತ್ತಾಯ್ತು, ಜಿವಾದಿನ್. ಕ್ಷಮಿಸಬೇಕು.”

“ಅಯ್ಯೋ ಮಾರಾಯ, ನಾನ್ ಕಳಿಸಿಲ್ಲ, ಅದು ಕಳಿಸಿದ್ದು.”

“ಏಳು ಅಂತೆ. ಬೇಲಿ ಪಕ್ಕ ಇರೋನು ಏಳು. ಆರನೇವ್ನು ಯಾವನು?”

ಜಿವಾದಿನ್ ಓಡಿಹೋಗಿ ನೋಡಿದ. ಅತಿಥಿ ಪುಸ್ತಕದ ನಾಲ್ಕುನೂರ ಹನ್ನೆರಡು ಜನಕ್ಕೂ ಕರೆಯೋಲೆ ಹೋಗಿತ್ತು. ಹಿಂದೆ ಬಂದು ನಿಂತ ರೊಸಾಂದ ಒಂದೇ ಮಾತು ಕೇಳಿದಳು.

“ಸಂಖ್ಯೆ ಒಂದಕ್ಕೂ ಹೋಯ್ತಾ?”

ಹೋಗಿತ್ತು. ತಿಹೊಮಿರ್ ಯಾವುದನ್ನೂ ಬದಲಿಸುವ ಆಸಾಮಿಯಲ್ಲ. 2001ರ ವಿಳಾಸ ಇನ್ನೂ ಹಾಗೆಯೇ ಇತ್ತು. ರೊಸಾಂದ ನೆನೆಹಾಕಿದ್ದ ಬೀನ್ಸ್ ಪಾತ್ರೆಯ ಪಕ್ಕ ಕೂತು ಹೇಳಿದಳು:

“ಕೂಮ್‌ನೇ ಕರೆದೆಯಲ್ಲ ನೀನು. ಕರೆದಿದ್ದೂ ಅಲ್ದೆ ‘ಬಹುಶಃ’ ಅಂತ ಬೇರೆ ಕೊಟ್ಟೆ. ಇನ್ನವನು ನನ್ನ ಮಣ್ಣಿಗೂ ಬರಲ್ಲ.”

ಕೈಯಾಡಿಸದೆ ಇರಲಾರದ ಮನುಷ್ಯ ಇಂಥ ಹೊತ್ತಿನಲ್ಲಿ ಸುಮ್ಮನಿರುತ್ತಾನೆಯೇ? ಕರೆಯೋಲೆ ವಾಪಸು ತರಿಸುತ್ತೇನೆಂದು ಹುಡುಕಿ ಹುಡುಕಿ ಒಂದು ಗುಂಡಿ ಒತ್ತಿದ. ಕ್ಷಣದಲ್ಲಿ ನಾಲ್ಕುನೂರ ಹನ್ನೆರಡು ಜನಕ್ಕೆ ಎರಡನೇ ಕಾಗದ ಹೋಯಿತು: ‘ಸ್ಲಾವಾ ರದ್ದಾಗಿದೆ.’

ತುರ್ಕರು ಐನೂರು ವರ್ಷ ಆಳಿಯೂ ಮಾಡದ ಕೆಲಸ ಅದು. ಮಧ್ಯಾಹ್ನದೊಳಗೆ ಪೇಟೆಯ ಬ್ರೆಡ್ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ನೀರಿನ ಕಚೇರಿಯಲ್ಲಿ ಒಂದೇ ಮಾತು: ಮೀಟರು ಓದುವ ಜಿವಾದಿನ್ ಸಂತ ನಿಕೊಲಾನನ್ನು ರದ್ದು ಮಾಡಿದನಂತೆ. ಮೇಣದಬತ್ತಿ ಕೊಳ್ಳಲು ಹೋದರೆ ಅಂಗಡಿಯ ಮುದುಕಿ ಅವನಿಗೆ ಬತ್ತಿ ಕೊಡಲು ಹಿಂದೆಮುಂದೆ ನೋಡಿದಳಂತೆ.

ಹತ್ತೊಂಬತ್ತು ಬಂತು. ಉಪವಾಸದ ತಿಂಗಳು, ಮಾಂಸವಿಲ್ಲ, ಮೀನುಂಟು. ರೊಸಾಂದ ದಾನ್ಯೂಬಿನ ಕಾರ್ಪ್ ಮೀನು ಹುರಿದಳು, ಬೀನ್ಸ್ ಬೇಯಿಸಿದಳು, ಬೆಂದ ಗೋಧಿಗೆ ವಾಲ್‌ನಟ್ ಬೆರೆಸಿ ಬಟ್ಟಲಿಗೆ ಹಾಕಿದಳು, ಹಬ್ಬದ ದುಂಡು ರೊಟ್ಟಿ ಮೇಜಿನ ನಡುವೆ ಇಟ್ಟಳು. ಬಲಗಡೆಯ ತಟ್ಟೆಯನ್ನೂ ಇಟ್ಟಳು. ಈ ಸಲ ಗಂಡನ ಮುಖ ನೋಡಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಜನ ಬಂದರು. ಬರುವವರೂ ಬಂದರು, ರದ್ದಾದ ಹಬ್ಬ ಹೇಗಿರುತ್ತದೆ ನೋಡೋಣವೆಂದು ಬರದವರೂ ಬಂದರು. ಗಡಿಯಾಚೆ ವಿದಿನ್‌ನಿಂದ ಹಳೇ ಕಾರಿನ ಹುಚ್ಚರಾದ ಬಲ್ಗೇರಿಯದ ಇಬ್ಬರು, ‘ಹೌದು’ ಒತ್ತಿದ್ದೇವೆ ಎಂದು ಉಪ್ಪಿನಕಾಯಿ ಜಾಡಿ ಹಿಡಿದು ಬಂದರು. ಒಮ್ಮೆ ಬಂದವರು ಇನ್ನು ಪ್ರತಿ ವರ್ಷ ಬರುವುದೇ. ಬುದಿಮಿರ್ ಎಲ್ಲರಿಗೂ ತನ್ನ ಸಂಖ್ಯೆ ಹೇಳಿಕೊಂಡು ಓಡಾಡುತ್ತಿದ್ದ.

ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸಿಳಿದು ತಿಹೊಮಿರ್ ಬಂದ. ಹೊಸ್ತಿಲ ಹೊರಗೇ ನಿಂತ. ಒಳಗಿದ್ದ ನಲವತ್ತು ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು.

“ಜಿವಾದಿನ್ ಅನ್ನೋರ ಮನೆ ಇದೇನಾ?”

“ಒಳಗ್ ಬಾ, ಕೂಮೇ,” ಎಂದ ಜಿವಾದಿನ್.

“ಕೂರೋಕೆ ಬಂದಿಲ್ಲ. ವಿಚಾರಿಸೋಕೆ ಬಂದೆ. ಹಬ್ಬ ಅಂತ ಸೋಮವಾರ ಒಂದು ಕಾಗದ ಬಂತು, ಅವತ್ತೇ ರದ್ದು ಅಂತ ಇನ್ನೊಂದು. ಸಂತನಿಗೇನಾದ್ರೂ ಹೆಚ್ಚುಕಮ್ಮಿ ಆಯ್ತೋ ಏನೋ, ನೋಡ್ಕೊಂಡು ಹೋಗೋಣ ಅಂತ.”

“ಮಷೀನು ಕಳಿಸಿದ್ದು ಅದು.”

“ಸಿವ್ಕಾನೂ ಮಷೀನೇ ಕಣಯ್ಯ. ಒಂದಿನಾನೂ ನನ್ನ ಸಂಖ್ಯೆ ಒಂದು ಅಂತ ಕರೀಲಿಲ್ಲ ಅದು. ಹೋಗ್ಲಿ, ಆ ‘ಬಹುಶಃ’ನ ಯಾರ್ಗಿಟ್ಟಿದ್ದೆ? ಕೂಮ್ ಬಹುಶಃ ಬರ್ತಾನಾ?”

ರೊಸಾಂದ ಗೋಧಿಯ ಬಟ್ಟಲು ಹಿಡಿದು ಹೊಸ್ತಿಲು ದಾಟಿ ಹೋದಳು. ಹಬ್ಬದ ಗೋಧಿಯನ್ನು ಬೇಡವೆನ್ನುವವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅವನು ಒಂದು ಚಮಚ ಬಾಯಿಗಿಟ್ಟುಕೊಳ್ಳುವಾಗ ಅವಳ ಕಣ್ಣು ಅವನ ಕೋಟಿನ ಜೇಬಿನ ಮೇಲೆ ಬಿತ್ತು.

“ಜಗಳಕ್ಕೆ ಬಂದೋರು ಜೇಬಲ್ಲಿ ಮರದ ಸೌಟು ತರ್ತಾರಾ, ಕೂಮೇ?”

ತಿಹೊಮಿರ್ ಹಿಡಿಯನ್ನು ಒಳಗೆ ತಳ್ಳಲು ನೋಡಿದ. ಸೌಟು ಜೇಬಿಗಿಂತ ಉದ್ದವಿತ್ತು.

“ಹೊಡಿಯೋಕೆ ತಂದೆ.”

“ಯಾರ್ನ?”

“ಇನ್ನೂ ತೀರ್ಮಾನ ಮಾಡಿಲ್ಲ.” ಗೋಧಿ ನುಂಗಿದ. “ಎಲ್ಲಿ ಅವಳು?”

ಇಡೀ ಮನೆ ಅಂಗಳಕ್ಕೆ ಬಂತು. ಹಿಂದಿನ ದಿನವಷ್ಟೇ ಜಿವಾದಿನ್ ಏಳನೇ ಸಲ ಪ್ರಾಹೊವೊಗೆ ಹೊರಟು, ಅದೇ ಮರದ ಕೆಳಗಿಂದ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬಂದಿದ್ದ. ತಿಹೊಮಿರ್ ಹಗ್ಗದ ಗುರುತು ನೋಡಿದ. ಕಾರನ್ನು ಒಂದು ಸುತ್ತು ಹಾಕಿದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಹತ್ತಿರ ನಿಂತ. ನಾಲ್ಕು ವರ್ಷದ ಹಿಂದೆ ಇಂಜೆಕ್ಷನ್ನಿನ ಜೊತೆಗೇ ಜಿವಾದಿನ್ ಹಾಕಿಸಿದ್ದ ಫಳಫಳ ಹೊಳೆಯುವ ಮುಚ್ಚಳ. ತಿಹೊಮಿರ್ ಅದನ್ನು ತಿರುಗಿಸಿದ. ಸಿವ್ಕಾ ಉದ್ದಕ್ಕೆ ಒಂದು ಉಸಿರೆಳೆದಳು. ನಾಲ್ಕು ವರ್ಷದಿಂದ ಕಟ್ಟಿಹಿಡಿದಿದ್ದ ಉಸಿರು. ಆ ಸೆಳೆತಕ್ಕೆ ಬುದಿಮಿರನ ಟೋಪಿ ಅಲ್ಲಾಡಿತು.

“ಹಳೇ ಮುಚ್ಚಳಕ್ಕೆ ಒಂದು ಸಣ್ಣ ತೂತಿತ್ತು, ಗಾಳಿಗೆ,” ಎಂದ ತಿಹೊಮಿರ್. “ಇದಕ್ಕಿಲ್ಲ. ಏಳು ಕಿಲೋಮೀಟರು ಹೋದ್ಮೇಲೆ ಟ್ಯಾಂಕು ಪೆಟ್ರೋಲ್ ಬಿಟ್ಕೊಡಲ್ಲ.”

ಟ್ಯಾಂಕಿನ ಬಾಯಿಗೆ ಒಂದು ಜೋಳದ ದಿಂಡು ಸಡಿಲವಾಗಿ ಸಿಕ್ಕಿಸಿದ. ಇಂಜಿನ್ ಶುರು ಮಾಡಿಸಿದ. ಸೌಟಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಜಿವಾದಿನ್ ಸ್ಟೀರಿಂಗ್ ಹಿಡಿದು ಪರೀಕ್ಷೆಗೆ ಕೂತವನಂತೆ ಕೂತಿದ್ದ.

“ನಿನ್ನ ಇಂಜೆಕ್ಷನ್‌ನಲ್ಲಿ ತಪ್ಪಿಲ್ಲ,” ಎಂದ ತಿಹೊಮಿರ್ ಕೊನೆಗೆ. ಈ ಮೂರು ಶಬ್ದ ಆಡಲು ಅವನಿಗೆ ಬಸ್ಸಿನ ದಾರಿಗಿಂತ ಹೆಚ್ಚು ಹೊತ್ತು ಹಿಡಿಯಿತು. “ನನ್ನ ಕಾರ್ಬ್ಯುರೇಟರಲ್ಲೂ ಇರ್ಲಿಲ್ಲ.”

“ಇರ್ಲಿಲ್ಲ ಕೂಮೇ.”

“ಹಾಗಿದ್ರೆ ಆ ಸಾಲು?”

ಜಿವಾದಿನ್ ಅಲ್ಲಿಂದಲೇ ಕಂಪ್ಯೂಟರಿಗೆ ಓಡಿದ. ಅತಿಥಿಗಳೆಲ್ಲ ಬೆನ್ನ ಹಿಂದೆ. ‘ಯಾರ ಕೈಗೂ ಸರಿಹೋಗದ’ ಎಂಬುದನ್ನು ಅಳಿಸಿದ. ಆ ಜಾಗದಲ್ಲಿ ‘ಇಪ್ಪತ್ತು ವರ್ಷ ಒಂದು ದಿನವೂ ದಾರಿಯಲ್ಲಿ ನಿಲ್ಲಿಸದ’ ಎಂದು ಬರೆದ. ‘ಮುದಿ ಯಂತ್ರ’ ಹಾಗೆಯೇ ಉಳಿಯಿತು, ಅದು ಪರವಾಗಿಲ್ಲ ಎಂದ ತಿಹೊಮಿರ್. ಉಳಿಸು ಎಂದು ಒತ್ತಿದಾಗ ಪರದೆ ಕೇಳಿತು: ‘ಈ ಬದಲಾವಣೆಯನ್ನು ಎಲ್ಲ ಅತಿಥಿಗಳಿಗೂ ತಿಳಿಸಲೇ?’ ಪಕ್ಕದಲ್ಲಿ ಒಂದು ಪುಟ್ಟ ಚೌಕ, ಆಗಲೇ ಗುರುತು ಹಾಕಿಕೊಂಡು ಕೂತಿತ್ತು.

“ಬೇಡ,” ಎಂದವು ನಲವತ್ತು ಬಾಯಿಗಳು. ಬಲ್ಗೇರಿಯದವರೂ ಅವರ ಭಾಷೆಯಲ್ಲಿ ಬೇಡವೆಂದರು.

ಜಿವಾದಿನನ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಆಮೇಲೆ ಆ ಗುರುತು ತೆಗೆದ. ಜೀವಮಾನದಲ್ಲಿ ಅವನು ಖಾಲಿ ಬಿಟ್ಟ ಮೊದಲ ಚೌಕ ಅದು.

ಹಬ್ಬದ ರೊಟ್ಟಿಯನ್ನು ಇಬ್ಬರು ಎದುರುಬದುರು ಹಿಡಿದು ತಿರುಗಿಸಿ ಮುರಿಯಬೇಕು. ಜಿವಾದಿನ್ ಒಂದು ಕಡೆ ಹಿಡಿದ, ತಿಹೊಮಿರ್ ಇನ್ನೊಂದು ಕಡೆ. ಮುರಿದ ಮೇಲೆ ತಿಹೊಮಿರ್ ಬಲಗಡೆಯ ಕುರ್ಚಿಯಲ್ಲಿ ಕೂತು, ನಾಲ್ಕು ವರ್ಷದ ಬಾಕಿ ಸೇರಿಸಿ ಐದು ತುಂಡು ಕಾರ್ಪ್ ತಿಂದ. ಬೀನ್ಸ್‌ಗೆ ಉಪ್ಪು ಕಮ್ಮಿ ಎಂದ. ಸಂಜೆ ಅವನನ್ನು ಪ್ರಾಹೊವೊಗೆ ಸಿವ್ಕಾಳೇ ಬಿಟ್ಟು ಬಂದಳು, ಜೋಳದ ದಿಂಡು ಸಿಕ್ಕಿಸಿಕೊಂಡು. ವಾಲ್‌ನಟ್ ಮರ ಆಗಲೂ ಕೊಂಬೆ ಬಗ್ಗಿಸಿತಂತೆ, ಯಾರೂ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ರೊಸಾಂದ ಬಲಗಡೆಯ ತಟ್ಟೆಯನ್ನು ಎತ್ತಿಕೊಂಡಳು. ತುಂಬಾ ಮೀನಿನ ಮುಳ್ಳು. ಅದನ್ನು ಎಲ್ಲಕ್ಕಿಂತ ಕೊನೆಗೆ, ಬಿಸಿನೀರು ಹಾಕಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು.