ಸಂತೆಯಲ್ಲಿ ಕೋಕೋ ಕುಡಿದ ಹುಡುಗಿ

ಕಳೆದ ವರ್ಷ ದೊಡ್ಡವ್ವನ ಕಣ್ಣು ತೋರಿಸಿಕೊಂಡು ಚಿತ್ರದುರ್ಗದಿಂದ ಚಳ್ಳಕೆರೆಗೆ ಹಿಂದಿರುಗುವಾಗ, ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ತೆರೆದಿದ್ದ ಹೋಟೆಲೊಂದರಲ್ಲಿ ಇಳಿದೆವು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ತೊಂಬತ್ತು ದಾಟಿದ್ದಳು. ಗಂಡ ತೀರಿದ ಮೇಲೆ ನನ್ನ ಜೊತೆಗೇ ಇದ್ದಳು. ಹೋಟೆಲಿನ ಗೋಡೆಯ ಮೇಲೆ ಅಂದಕ್ಕೆಂದು ಬ್ರಿಟಿಷರ ಕಾಲದ ಜಾಹೀರಾತುಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಸೋಪು, ಬೆಂಕಿಪೊಟ್ಟಣ, ಬಿಸ್ಕತ್ತು, ಚಹಾ. ಒಂದರಲ್ಲಿ ಗುಂಡು ಕೆನ್ನೆಯ ಬಿಳಿ ಮಗುವೊಂದು ಕೈಯಲ್ಲಿ ಕಪ್ ಹಿಡಿದು ನಗುತ್ತಿತ್ತು. ದೊಡ್ಡವ್ವ ಅದರ ಮುಂದೆ ಹೋಗಿ ನಿಂತವಳು ಕದಲಲಿಲ್ಲ.

"ಇದು ಕೋಕೋ ಅಲ್ವೇನೇ?" ಅಂದಳು.

"ಹೂಂ. ನಿನಗೆ ಹೆಂಗೆ ಗೊತ್ತು?"

"ನಾನೂ ಮಾರಿದೀನಿ ಕಣೇ."

ನಾನು ನಕ್ಕೆ. ಅವಳು ನಗಲಿಲ್ಲ. ತರಿಸಿದ ದೋಸೆಯನ್ನು ಮುಟ್ಟಲೂ ಇಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕೂತ ಮೇಲೆಯೇ ಹೇಳಿದ್ದು.

ನನ್ನ ತಾತ, ಅಂದರೆ ಅವಳ ಅಪ್ಪ, ನಾಲ್ಕಕ್ಷರ ಕಲಿತು ಒಂದು ಪರದೇಶಿ ಕಂಪನಿಯ ಸಾಮಾನು ಮಾರುವ ಕೆಲಸಕ್ಕೆ ಸೇರಿದ್ದನಂತೆ. ಎತ್ತಿನ ಗಾಡಿಗೆ ಬಣ್ಣ ಹೊಡೆಸಿ, ಚಳ್ಳಕೆರೆಯಿಂದ ನಾಯಕನಹಟ್ಟಿ, ಮೊಳಕಾಲ್ಮೂರು, ದೇವಸಮುದ್ರ ಎಂದು ಊರೂರು ತಿರುಗುತ್ತಿದ್ದ. ಚಹಾ ಮಾರುವುದು ಸುಲಭವಾಗಿತ್ತು. ಗಾಡಿಯ ಪಕ್ಕದಲ್ಲೇ ಒಲೆ ಹೂಡಿ ಕಾಯಿಸಿ ಪುಕ್ಕಟೆ ಕೊಟ್ಟರೆ ಜನ ಕುಡಿದು ರುಚಿ ಹತ್ತಿಸಿಕೊಳ್ಳುತ್ತಿದ್ದರು. ಕೋಕೋ ಮಾತ್ರ ಹೋಗುತ್ತಿರಲಿಲ್ಲ. ಡಬ್ಬಿಯೊಳಗಿನ ಕಂದು ಪುಡಿಯನ್ನು ಜನ ಮೂಸಿ ನೋಡಿ, ಸುಟ್ಟ ಹುರುಳಿಹಿಟ್ಟು ಎನ್ನುತ್ತಿದ್ದರು. ಕಂಪನಿಯವರು ಕಳಿಸಿದ ಬಿಳಿ ಮಗುವಿನ ಚಿತ್ರ ತೋರಿಸಿದರೆ, "ದೊರೆಗಳ ಮಕ್ಳು ಏನು ಕುಡಿದ್ರೂ ಹಂಗೇ ಇರ್ತಾವೆ ಬುಡ್ರಿ" ಎಂದು ನಕ್ಕು ಹೋಗುತ್ತಿದ್ದರು.

ಆಗ ತಾತನಿಗೆ ಹೊಳೆದದ್ದು ತನ್ನ ಮಗಳು. ದೊಡ್ಡವ್ವನಿಗೆ ಎಂಟು ವರ್ಷ, ಮೈಕೈ ತುಂಬಿಕೊಂಡಿದ್ದಳು. ಅವಳಿಗೊಂದು ಗುಲಾಬಿ ಬಣ್ಣದ ಫ್ರಾಕು ಹೊಲಿಸಿ, ತಲೆಗೆ ಟೇಪು ಕಟ್ಟಿ, ಸಂತೆಯಲ್ಲಿ ಗಾಡಿಯ ಮೇಲೆ ಕೂರಿಸುತ್ತಿದ್ದ. ಜನ ಸೇರಿದ ಮೇಲೆ ಕೋಕೋ ಕಲಸಿ ಕೈಗೆ ಕೊಡುತ್ತಿದ್ದ. ಅವಳು ಎಲ್ಲರೆದುರು ಕುಡಿದು, ಬಾಯಿ ಒರೆಸಿಕೊಂಡು, "ನಾನು ದಿನಾ ಇದನ್ನೇ ಕುಡೀತೀನಿ" ಎನ್ನಬೇಕು. ಅಷ್ಟೇ ಮಾತು. ಮನೆಯಲ್ಲಿ ಅವಳು ತಿನ್ನುತ್ತಿದ್ದದ್ದು ರಾಗಿಮುದ್ದೆ, ಕುಡಿಯುತ್ತಿದ್ದದ್ದು ಎಮ್ಮೆ ಹಾಲು. ಕೋಕೋ ಡಬ್ಬಿ ಒಮ್ಮೆಯೂ ಅಡುಗೆಮನೆಗೆ ಬಂದದ್ದಿಲ್ಲ.

"ನಂಗೆ ಭಾರಿ ಖುಷಿ ಆಗ್ತಿತ್ತು ಕಣೇ," ಅಂದಳು ದೊಡ್ಡವ್ವ. "ಎಲ್ರೂ ನನ್ನೇ ನೋಡೋರು."

ದೇವಸಮುದ್ರದಲ್ಲಿ ಒಂದು ದಿನ, ಜನ ಚದುರಿದ ಮೇಲೆ ಕುರಿ ಸಾಕುವವರ ಮನೆಯ ಹೆಂಗಸೊಬ್ಬಳು ಗಾಡಿಯ ಹತ್ತಿರ ಬಂದಳು. ಸೊಂಟದ ಮೇಲೆ ಎರಡು ವರ್ಷದ ಹೆಣ್ಣು ಕೂಸು. ಅದರ ಕಾಲುಗಳು ಸೊರಗಿ ಕಡ್ಡಿಯಾಗಿದ್ದವು. ಅವಳು ದೊಡ್ಡವ್ವನ ಕೆನ್ನೆ ಮುಟ್ಟಿ ನೋಡಿದಳಂತೆ.

"ದಿನಾ ಕುಡೀತೀಯೇನವ್ವ?"

"ಹೂಂ."

"ನನ್ ಬಿಡ್ಡನೂ ಹಿಂಗೇ ಆಗ್ತಾಳಾ?"

ಆ ಕಡೆ ತೆಲುಗು ಬೆರೆತ ಮಾತು, ಮಗುವಿಗೆ ಬಿಡ್ಡ ಎನ್ನುತ್ತಾರೆ. ದೊಡ್ಡವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಮೂಟೆ ಕಟ್ಟುತ್ತಿದ್ದ, ಕೇಳಿಸಿಕೊಂಡಿರಲಿಲ್ಲ. ಅವಳೇ ಹೇಳಿಬಿಟ್ಟಳು, "ಆಗ್ತಾಳೆ."

ಆ ಹೆಂಗಸು ಮಾರಲು ತಂದಿದ್ದ ಹೊಸ ಕಂಬಳಿಯನ್ನು ಗಾಡಿಯ ಮೇಲಿಟ್ಟು ಒಂದು ಡಬ್ಬಿ ತೆಗೆದುಕೊಂಡಳು. ಹಾಲಲ್ಲಿ ಕಲಸಬೇಕು ಎಂದ ತಾತ. ಕುರಿ ಇನ್ನೂ ಈದಿಲ್ಲ, ಹಾಲಿಲ್ಲ ಎಂದಳು. "ನೀರಾಗೂ ಆಗ್ತೈತೆ ತಗಳವ್ವ," ಎಂದುಬಿಟ್ಟ.

ಕೆಲವು ವಾರಗಳಾದ ಮೇಲೆ ಗಾಡಿ ಮತ್ತೆ ದೇವಸಮುದ್ರಕ್ಕೆ ಹೋಯಿತು. ಜನ ಆಗಲೇ ಸೇರಿದ್ದರು. ಆ ಹೆಂಗಸು ಒಬ್ಬಳೇ ಬಂದಳು. ಡಬ್ಬಿಯನ್ನು ತಾತನ ಮುಂದಿಟ್ಟಳು.

"ಕೂಸು ಹೋಗ್ಬುಡ್ತು ಸ್ವಾಮಿ. ಬಲ ಬರ್ಲಿ ಅಂತ ಇದನ್ ಬಿಟ್ಟು ಬೇರೇನೂ ಕೊಡ್ಲಿಲ್ಲ ನಾನು."

ಅವಳು ಬೈಯಲಿಲ್ಲ, ಕೂಗಾಡಲಿಲ್ಲ. ತಾತ ಕಂಬಳಿ ವಾಪಸು ಕೊಡಲು ಹೋದರೆ ಕೈ ಹಿಂದೆ ಎಳೆದುಕೊಂಡಳು. ದೊಡ್ಡವ್ವನ ಕಡೆ ತಿರುಗಿ, "ಅರ್ಧ ಹಂಗೇ ಐತೆ. ನೀನು ಕುಡಿಯೋಳಲ್ವಾ, ಕುಡಿಯವ್ವ," ಎಂದಳು.

ಸುತ್ತ ಜನ ಕಾಯುತ್ತಿದ್ದರು. ತಾತನಿಗೆ ಏನು ತೋಚಿತೋ, ಎಂದಿನಂತೆ ಕಲಸಿ ಮಗಳ ಕೈಗೆ ಕೊಟ್ಟ. ಅವಳು ಕುಡಿದಳು. ಬಾಯಿ ಒರೆಸಿಕೊಂಡು ಎಂದಿನ ಮಾತನ್ನೂ ಹೇಳಿದಳು. ಆ ಹೆಂಗಸು ಅಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ದೊಡ್ಡವ್ವ ಗಾಡಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

ಮುಂದಿನ ಸಂತೆ ನಾಯಕನಹಟ್ಟಿಯಲ್ಲಿ. ಅಲ್ಲಿ ಅವಳು ಬಾಯಿ ಬಿಡಲೇ ಇಲ್ಲ. ತಾತ ಕೆನ್ನೆಗೆ ಒಂದೇಟು ಹಾಕಿದ. ಅವನು ಅವಳ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಹೊಡೆದವನು ನೊಗದ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಜನ ನೋಡುತ್ತಿರುವಂತೆಯೇ ಅತ್ತುಬಿಟ್ಟನಂತೆ. ಉಳಿದ ಕೋಕೋ ಡಬ್ಬಿಗಳನ್ನು, ಈ ಕಡೆ ಮಾರಾಟವಾಗುವುದಿಲ್ಲ ಎಂದು ಹೇಳಿ ಕಂಪನಿಗೆ ಹಿಂದಕ್ಕೆ ಕಳಿಸಿದ. ಸೋಪು, ಬೆಂಕಿಪೊಟ್ಟಣ ಮಾರಿಕೊಂಡಿದ್ದ. ಎರಡನೇ ಮಹಾಯುದ್ಧ ಜೋರಾಗಿ ಆ ಸಾಮಾನೂ ಬರುವುದು ನಿಂತಾಗ ಕಡಲೆಕಾಯಿ ವ್ಯಾಪಾರಕ್ಕಿಳಿದ. ಆ ಕಂಬಳಿಯನ್ನು ಮಾತ್ರ ಎಂಥ ಚಳಿಯಲ್ಲೂ ಹೊದೆಯಲಿಲ್ಲ.

ನಾನು ಕಂಡ ತಾತ ಮಾತು ಕಡಿಮೆಯ ಮುದುಕ. ಬೇರೆ ಮನೆಗಳ ತಾತಂದಿರ ಹಾಗೆ "ತಿನ್ನು, ಬಲ ಬರ್ತೈತೆ" ಎಂದು ನಮಗೆ ಒಂದು ದಿನವೂ ಹೇಳಿದವನಲ್ಲ. ಅದನ್ನು ನಾವು ಮಕ್ಕಳು ಅವನ ಜುಗ್ಗತನ ಎಂದುಕೊಂಡಿದ್ದೆವು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದವಳು, ಸಮಾಧಾನ ಹೇಳುವುದು ಅಭ್ಯಾಸ. "ಆ ಕೂಸಿಗೆ ಏನು ಕಾಯಿಲೆ ಇತ್ತೋ. ನೀನಿನ್ನೂ ಎಂಟು ವರ್ಷದ ಹುಡುಗಿ," ಎಂದೆ.

"ಅಪ್ಪ ಹೇಳ್ಕೊಟ್ಟಿದ್ದು ಒಂದೇ ಮಾತು," ಎಂದಳು ದೊಡ್ಡವ್ವ. "ಆಗ್ತಾಳೆ ಅಂದಿದ್ದು ನಾನೇ."

ಒಂದು ವಾರ ಬಿಟ್ಟು ಹಟ ಹಿಡಿದಳು. ದೇವಸಮುದ್ರಕ್ಕೆ ಹೋಗಬೇಕು. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಊರೊಳಗೆ ಬೇವಿನ ಮರದ ಕೆಳಗೆ ಕಡಲೆಕಾಯಿ ಬಿಡಿಸುತ್ತಿದ್ದ ಮುದುಕಿಯೊಬ್ಬಳು ಕೇಳಿದಳು, "ಯಾರ ಮನಿ ಬೇಕಿತ್ತವ್ವ?"

"ಹೆಸ್ರು ಗೊತ್ತಿಲ್ಲ. ಕುರಿಯೋರ ಮನೆ. ಒಂದು ಹೆಣ್ಣು ಕೂಸು ತೀರ್ಕಂಡಿತ್ತು."

"ಯಾವಾಗ?"

"ನಾನು ಸಣ್ಣೋಳಿದ್ದಾಗ."

ಮುದುಕಿ ಕೈ ನಿಲ್ಲಿಸಿ ದೊಡ್ಡವ್ವನನ್ನು ದಿಟ್ಟಿಸಿದಳು. "ಆವಾಗ ಯಾವ್ ಮನ್ಯಾಗೆ ಕೂಸು ಸತ್ತಿಲ್ಲ ಹೇಳ್ ತಾಯಿ," ಎಂದು, ಕೂರಲು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ದೊಡ್ಡವ್ವ ಬಸ್ಸು ಬರುವ ತನಕ ಅಲ್ಲೇ ಕೂತು ಅವಳ ಜೊತೆ ಕಾಯಿ ಬಿಡಿಸಿದಳು.

ವಾಪಸು ಬರುವಾಗ ಕೇಳಿದೆ, "ಅವರ ಮನೆಯೋರು ಸಿಕ್ಕಿದ್ದರೆ ಏನಂತಿದ್ದೆ?"

"ಏನಿಲ್ಲ. ಆ ಕೂಸಿನ ಹೆಸ್ರು ಏನಿತ್ತು ಅಂತ ಕೇಳ್ತಿದ್ದೆ," ಎಂದಳು. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಹೆಗಲು ಅಲುಗುತ್ತಿತ್ತು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಅದಾದ ನಾಲ್ಕನೇ ತಿಂಗಳಿಗೆ ಅವಳು ತೀರಿಕೊಂಡಳು.